ಜಾಲದಲ್ಲಿ ಅಂಗಡಿ ಹಾಕುವ ಮುನ್ನ

ಜತ್ತ ತಾಲೂಕಿನ ದ್ರಾಕ್ಷಿ ಬೆಳೆಗಾರರಲ್ಲಿ ಈಚೆಗೆ ಒಂದು ಮಾತು ಹಬ್ಬಿದೆ. ಒಣದ್ರಾಕ್ಷಿಯನ್ನು ತಾಸಗಾಂವಕ್ಕೋ ಸಾಂಗಲಿಗೋ ಒಯ್ದು, ಅಡತಿಯ ಅಂಗಡಿಯಲ್ಲಿಳಿಸಿ, ಸವಾಲಿನಲ್ಲಿ ಕೂಗಿದ ದರಕ್ಕೆ ತಲೆಯಾಡಿಸಿ ಬರುವುದಕ್ಕಿಂತ, ಮೊಬೈಲಿನಲ್ಲಿ ನಮ್ಮದೇ ಅಂಗಡಿ ತೆರೆದು ಪುಣೆ, ಮುಂಬಯಿ, ಬೆಂಗಳೂರುಗಳ ಮನೆಗಳಿಗೆ ನೇರವಾಗಿ ಏಕೆ ಮಾರಬಾರದು ಎಂಬುದೇ ಆ ಮಾತು. ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಮಾಡುವ ಅಕ್ಕತಂಗಿಯರೂ ಇದನ್ನೇ ಕೇಳುತ್ತಾರೆ. ಮಾರುವುದಾದರೆ ಯಾವ ಅಂಗಡಿಯಲ್ಲಿ? ಅಮೆಜಾನೇ, ಫ್ಲಿಪ್‌ಕಾರ್ಟೇ, ಸ್ವಂತ ಜಾಲತಾಣವೇ?

ಮಾರಬೇಕೆಂಬುದೇ ನಮ್ಮ ಅಭಿಪ್ರಾಯ. ಆದರೆ ಇಡೀ ಮಾಲನ್ನಲ್ಲ. ಟನ್ನುಗಟ್ಟಲೆ ಸರಕಿಗೆ ಸವಾಲಿನ ಪೇಟೆಯೇ ಗತಿ. ಕಿಲೋ ಲೆಕ್ಕದಲ್ಲಿ ಅದನ್ನು ಖಾಲಿ ಮಾಡುವುದು ಒಂದು ಮನೆಯವರ ಕೈಯಿಂದ ಆಗದು. ಆರಿಸಿದ ಕೆಲವು ಕ್ವಿಂಟಲ್ ಒಳ್ಳೆಯ ಕಾಯನ್ನು ಬೇರೆ ತೆಗೆದಿಟ್ಟು, ಅದನ್ನು ಮಾತ್ರ ಪೊಟ್ಟಣ ಕಟ್ಟಿ ಮಾರುವುದಕ್ಕೆ ಹೊರಡಿರಿ. ಸಾಂಗಲಿಯ ಒಣದ್ರಾಕ್ಷಿಗೂ ಮಂಗಳವೇಢೆಯ ಜೋಳಕ್ಕೂ 2016ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಹೆಸರು ಹೇಳಿದರೆ ಗಿರಾಕಿ ಗುರುತಿಸುವ ಸರಕು ನಮ್ಮ ಸೀಮೆಯಲ್ಲಿ ಇದೆ ಎಂದು ಇದರಿಂದ ತಿಳಿಯಬಹುದು.

ಇನ್ನು ಅಂಗಡಿಯ ಮಾತು. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಇವು ಸಂತೆಗಳಿದ್ದಂತೆ. ಜನ ಅಲ್ಲಿಗೆ ತಾವಾಗಿಯೇ ಬರುತ್ತಾರೆ, ಕೊಳ್ಳುತ್ತಾರೆ. ಸಂತೆಯ ಒಡೆಯನು ಸುಂಕ ಎತ್ತುತ್ತಾನೆ. ಕೆನಡಾ ದೇಶದ ಶಾಪಿಫೈಯಂಥವು ಬಾಡಿಗೆಯ ಮಳಿಗೆಗಳು. ತಿಂಗಳಿಗಿಷ್ಟು ಎಂದು ಕೊಟ್ಟರೆ ಗೋಡೆ, ಬಾಗಿಲು, ಗಲ್ಲಾಪೆಟ್ಟಿಗೆ ಎಲ್ಲವೂ ಸಿದ್ಧ. ಗಿರಾಕಿಯನ್ನು ಕರೆತರುವ ಕೆಲಸ ಮಾತ್ರ ನಮ್ಮದು. ವೂಕಾಮರ್ಸ್ ಎಂಬುದಕ್ಕೆ ಬೆಲೆಯಿಲ್ಲ, ಆದರೆ ಅದು ಸ್ವಂತ ಜಾಗದಲ್ಲಿ ಮನೆ ಕಟ್ಟಿದಂತೆ: ಜಾಗದ ಬಾಡಿಗೆ, ಬೀಗ, ದುರಸ್ತಿ ಎಲ್ಲ ನಮ್ಮ ತಲೆಯ ಮೇಲೆ. ಊರಲ್ಲಿ ಅದನ್ನು ಬಲ್ಲ ಹುಡುಗನೊಬ್ಬ ಸದಾ ಕೈಗೆ ಸಿಕ್ಕದಿದ್ದರೆ ಅದರ ಗೊಡವೆ ಬೇಡ. ಕೊನೆಯದು ವಾಟ್ಸಪ್ಪಿನ ವ್ಯಾಪಾರದ ಖಾತೆ. ಸರಕಿನ ಚಿತ್ರ, ದರ ಹಾಕಿ, ಗಿರಾಕಿ ಕೇಳಿದ್ದನ್ನು ಬರೆದುಕೊಂಡು, ಯುಪಿಐಯಲ್ಲಿ ಹಣ ಪಡೆದು, ಅಂಚೆಯಲ್ಲಿ ಕಳಿಸುವುದು. ಇದನ್ನು ಅಂಗಡಿಯೆಂದು ಯಾರೂ ಕರೆಯರು, ಆದರೆ ಮನೆಯ ಕಟ್ಟೆಯ ಮೇಲೆ ಕುಳಿತು ಮಾರಿದಂತೆ ಖರ್ಚು ಬಹಳ ಕಡಿಮೆ. ಬ್ಯಾಂಕಿನ ಖಾತೆಯಿಂದ ಯುಪಿಐ ಮೂಲಕ ಬರುವ ಹಣಕ್ಕೆ ವ್ಯಾಪಾರಿಯಿಂದ ಬ್ಯಾಂಕಿನ ಶುಲ್ಕ ಹಿಡಿಯುವುದು ಜನವರಿ 2020ರಿಂದ ನಿಂತಿದೆ.

ಯಾವುದು ಅಗ್ಗ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ನಾವು ಮೊದಲು ಕೇಳುವುದು ಬೇರೆ: ನಾಳೆ ಆ ಅಂಗಡಿ ಬಿಟ್ಟು ಹೊರಬಂದರೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ? ಸಂತೆಯಲ್ಲಿ ಕೊಂಡವನು ಸಂತೆಯ ಗಿರಾಕಿ. ನಮ್ಮ ದ್ರಾಕ್ಷಿ ತಿಂದು ಮೆಚ್ಚಿದರೂ ಮುಂದಿನ ಸಲ ಅವನು ಹುಡುಕುವುದು ಒಣದ್ರಾಕ್ಷಿ ಎಂದೇ ಹೊರತು ನಮ್ಮ ಹೆಸರನ್ನಲ್ಲ. ಅವನೊಡನೆ ನಾವಾಗಿಯೇ ಮಾತನಾಡಿ ಮುಂದಿನ ಮಾಲಿನ ಸುದ್ದಿ ಹೇಳಲು ಸಂತೆಯ ಕಟ್ಟಳೆ ಬಿಡದು. ಅಡತಿಯು ಕೊಳ್ಳುವವನ ಮುಖ ತೋರಿಸುವುದಿಲ್ಲವೆಂದು ಗೊಣಗಿ ಇಲ್ಲಿಗೆ ಬಂದವರಿಗೆ ಇಲ್ಲಿಯೂ ಅದೇ ಪಾಡು. ದಲಾಲಿಯೇ ಇಲ್ಲವೆಂದು ಸ್ನ್ಯಾಪ್‌ಡೀಲ್ ಕಂಪನಿ 2015ರಲ್ಲಿ ತೆರೆದ ಶೋಪೋ ಎಂಬ ಸಂತೆ 2017ರಲ್ಲಿಯೇ ಮುಚ್ಚಿತು. ಅಂಥ ಕಡೆ ಗಿರಾಕಿಯ ಹೆಸರು, ಊರು, ದೂರವಾಣಿಯನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳದ ವ್ಯಾಪಾರಿ ಮತ್ತೆ ಮೊದಲಿನಿಂದ ಆರಂಭಿಸಬೇಕಷ್ಟೆ.

ಲೆಕ್ಕವನ್ನೂ ನೋಡಿಬಿಡೋಣ. ಇದು ತಿಳಿಯಲೆಂದು ನಾವು ಹಾಕಿದ ಲೆಕ್ಕ. ಯಾವ ಕಂಪನಿಯ ದರಪಟ್ಟಿಯೂ ಅಲ್ಲ. ಕಿಲೋ ಪೊಟ್ಟಣಕ್ಕೆ 400 ರೂ. ಬೆಲೆ ಇಟ್ಟಿರಿ ಎನ್ನಿ. ದಲಾಲಿ ನೂರಕ್ಕೆ 8ರಂತೆ 32 ರೂ., ಸಾಗಾಟಕ್ಕೆ 70, ಈ ಎರಡರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಸುಮಾರು 18, ಡಬ್ಬಿ ಚೀಟಿಗೆ 15. ಕೈಗೆ ಬರುವುದು 265 ರೂ. ಇದರಲ್ಲಿ ಆರಿಸಿದವರ ಕೂಲಿ, ಶೀತಗೃಹದ ಬಾಡಿಗೆ ಕಳೆಯಬೇಕು. ಹತ್ತರಲ್ಲಿ ಒಂದು ಪೊಟ್ಟಣ ಬಾಗಿಲ ತನಕ ಹೋಗಿ ಬೇಡವೆನಿಸಿಕೊಂಡು ಮರಳಿತೆಂದರೆ, ಹೋಗಿಬರುವ ಖರ್ಚು ಉಳಿದ ಒಂಬತ್ತರ ಮೇಲೆ ಬೀಳುತ್ತದೆ. ಮುಟ್ಟಿದ ಮೇಲೆ ಹಣ ಎಂಬ ಪದ್ಧತಿಯಲ್ಲಿ ಇದು ಹೆಚ್ಚು. ದರಗಳೂ ನಿಂತಲ್ಲಿ ನಿಲ್ಲುವುದಿಲ್ಲ. ಅಮೆಜಾನ್ ಏಪ್ರಿಲ್ 2025ರಲ್ಲಿ 300 ರೂ. ಒಳಗಿನ ಬಹಳಷ್ಟು ಸರಕಿನ ಮೇಲೆ ದಲಾಲಿ ತೆಗೆದುಹಾಕಿತು. ಮೀಶೋ 2021ರಿಂದ ದಲಾಲಿ ಇಲ್ಲವೆನ್ನುತ್ತಿದೆ. ದಲಾಲಿ ಇಲ್ಲವೆಂದ ಮಾತ್ರಕ್ಕೆ ಖರ್ಚಿಲ್ಲವೆಂದಲ್ಲ. ಸಾಗಾಟ, ಮರಳಿ ಬಂದ ಮಾಲು, ಜಾಹೀರಾತು ಎಲ್ಲ ಕೂಡಿಸಿ ಒಂದು ಪೊಟ್ಟಣಕ್ಕೆ ಕಡೆಗೆ ಉಳಿದದ್ದೆಷ್ಟು ಎಂದೇ ಹೋಲಿಸಿ ನೋಡತಕ್ಕದ್ದು.

ಸಾಗಾಟದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದು ರೊಟ್ಟಿ ಮಾಡುವ ಅಕ್ಕತಂಗಿಯರಿಗೆ ಮುಖ್ಯ. ಕೊರಿಯರಿನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ ಬಂದ ಅಂಕಿಯೂ ಒಂದು ತೂಕವೇ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಒಂದು ಕಿಲೋ ಒಣದ್ರಾಕ್ಷಿ 20, 15, 10 ಸೆಂಟಿಮೀಟರಿನ ಡಬ್ಬಿಯಲ್ಲಿ ಕೂತರೆ ಆ ಲೆಕ್ಕದಲ್ಲಿ ಬರುವುದು 0.6 ಕಿಲೋ, ಆದುದರಿಂದ ಒಂದು ಕಿಲೋಗಷ್ಟೇ ದುಡ್ಡು. ಅದೇ ಒಂದು ಕಿಲೋ ಖಡಕ್ ರೊಟ್ಟಿ ಮುರಿಯದಂತೆ 30, 30, 15ರ ಡಬ್ಬಿ ಕೇಳಿತೆಂದರೆ 2.7 ಕಿಲೋದ ದುಡ್ಡು ತೆರಬೇಕು. ಎಷ್ಟು ಒಳ್ಳೆಯ ಅಂಗಡಿ ಹಿಡಿದರೂ ಈ ಖರ್ಚು ತಪ್ಪದು. ಅವರು ದೂರದ ಊರಿಗೆ ಶೇಂಗಾ ಚಟ್ನಿಯನ್ನೇ ಮುಂದೆ ಮಾಡಿ, ರೊಟ್ಟಿಯನ್ನು ಸೊಲ್ಲಾಪುರದ ಸುತ್ತ ಬಸ್ಸಿನಲ್ಲಿ ಮುಟ್ಟುವಷ್ಟು ದೂರಕ್ಕೆ ಇಟ್ಟುಕೊಳ್ಳುವುದು ಲೇಸು.

ಗಡಿಯಾಚೆ ಇರುವ ನಮಗೆ ಎಲ್ಲಕ್ಕಿಂತ ದೊಡ್ಡ ತೊಡಕು ಜಿಎಸ್‌ಟಿಯದು. ಒಂದೇ ರಾಜ್ಯದೊಳಗೆ ಮಾರುವ ಸಣ್ಣ ವ್ಯಾಪಾರಿಗೆ, ಜಾಲದ ಸಂತೆಯಲ್ಲಿ ಪೂರ್ತಿ ನೋಂದಣಿಯಿಲ್ಲದೆ ಮಾರಲು 1 ಅಕ್ಟೋಬರ್ 2023ರಿಂದ ಅವಕಾಶ ಬಂದಿದೆ. ಆದರೆ ಗೆರೆ ದಾಟಿದ ಕೂಡಲೆ ಆ ಅವಕಾಶ ತಪ್ಪುತ್ತದೆ. ಜತ್ತದವರಿಗೆ ನಾಗಪುರ ಸ್ವಂತ ರಾಜ್ಯ. ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿಯ ವಿಜಯಪುರ ಪರರಾಜ್ಯ! ನಮ್ಮ ಬೀಗರು, ನಮ್ಮ ಮಾತಿನವರು, ನಮ್ಮ ಚಟ್ನಿಯ ರುಚಿ ಬಲ್ಲವರು ಇರುವುದೇ ಆ ಕಡೆ. ತೆರಿಗೆ ಬೀಳುವ ಸರಕನ್ನು ಅವರಿಗೆ ಮಾರುವವರು, ಅಂಗಡಿ ಸಂತೆಯದಿರಲಿ ಸ್ವಂತದ್ದಿರಲಿ, ನೋಂದಣಿ ಮಾಡಿಸಬೇಕು. ಚಟ್ನಿ ತೆರಿಗೆಯ ಸರಕು. ಜೋಳದ ಹಿಟ್ಟನ್ನೂ ಚೀಟಿ ಅಂಟಿಸಿ ಪೊಟ್ಟಣ ಕಟ್ಟಿದರೆ 18 ಜುಲೈ 2022ರಿಂದ ತೆರಿಗೆಯಿದೆ.

ದ್ರಾಕ್ಷಿ ಬೆಳೆಗಾರರಿಗೆ ಮಾತ್ರ ಒಂದು ಸಮಾಧಾನ. ಬೆಳೆದ ರೈತನೇ ಮಾರಿದ ಒಣದ್ರಾಕ್ಷಿಗೆ ಜಿಎಸ್‌ಟಿ ಇಲ್ಲವೆಂದು ಜಿಎಸ್‌ಟಿ ಮಂಡಳಿಯು 21 ಡಿಸೆಂಬರ್ 2024ರಂದು ಜೈಸಲ್ಮೇರಿನ ಸಭೆಯಲ್ಲಿ ಸ್ಪಷ್ಟಪಡಿಸಿತು. ಕಾಸರಗೋಡು, ವಯನಾಡಿನ ನಮ್ಮವರ ಕಾಳುಮೆಣಸಿಗೂ ಅದೇ ಮಾತು ಅನ್ವಯಿಸುತ್ತದೆ. ಆದರೆ ನೆರೆಯವರ ಮಾಲು ಕೊಂಡು ಸೇರಿಸಿ ಮಾರಿದರೆ ಆ ಭಾಗಕ್ಕೆ ನೀವು ರೈತರಲ್ಲ, ವ್ಯಾಪಾರಿ. ಇನ್ನೊಂದು: ಕಾನೂನು ಬೇಡವೆಂದರೂ ಸಂತೆಯ ಕಂಪನಿಯವರು ನೋಂದಣಿ ಸಂಖ್ಯೆ ಕೇಳಬಹುದು, ಅರ್ಜಿ ತುಂಬುವ ಮೊದಲೇ ವಿಚಾರಿಸಿಕೊಳ್ಳಿರಿ. ಆಹಾರದ ಸರಕೆಂದ ಮೇಲೆ ಎಫ್‌ಎಸ್‌ಎಸ್‌ಎಐ ನೋಂದಣಿಯ ವಿಷಯವನ್ನೂ ಅದರೊಡನೆಯೇ ವಿಚಾರಿಸುವುದೊಳ್ಳೆಯದು. ಪೊಟ್ಟಣದ ಚೀಟಿಯ ಮೇಲಿನ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕೆಂಬುದು ನಿಯಮ, ಜೊತೆಗೆ ಕನ್ನಡವನ್ನೂ ಬರೆಯಲು ಅಡ್ಡಿಯಿಲ್ಲ. ದಯವಿಟ್ಟು ಬರೆಯಿರಿ.

ಇವೆಲ್ಲವನ್ನು ತೂಗಿ ನೋಡಿದರೆ, ಬೆಳೆಗಾರನಾದವನು ಮೊದಲ ವರ್ಷ ವಾಟ್ಸಪ್ಪು, ಯುಪಿಐ, ಅಂಚೆ ಈ ಮೂರರಲ್ಲಿಯೇ ಕಳೆಯಲಿ ಎನ್ನುತ್ತೇವೆ. ಕೊರಿಯರಿನ ಗಾಡಿ ಬಾರದ ಹಳ್ಳಿಯಿಂದಲೂ ಅಂಚೆಯ ಪೊಟ್ಟಣ ಹೋಗುತ್ತದೆ. ಹೆಸರು ತಿಳಿಯದ ಊರಿನವರಿಗೆ ರುಚಿ ತೋರಿಸಲು ಸಂತೆಯಲ್ಲಿ ಒಂದೇ ಒಂದು ಪೊಟ್ಟಣವನ್ನು, ಅರ್ಧ ಕಿಲೋದ್ದನ್ನು, ಇಟ್ಟು ನೋಡಬಹುದು, ಲಾಭಕ್ಕಾಗಿ ಅಲ್ಲ. ಎರಡನೆಯ ಸಲ, ಮೂರನೆಯ ಸಲ ಕೇಳಿ ತರಿಸುವವರು ನೂರು ಮನೆಯಾದ ಮೇಲೆ ಬಾಡಿಗೆಯ ಮಳಿಗೆಯ ವಿಚಾರ ಮಾಡಿರಿ. ಅದಕ್ಕೂ ಒಬ್ಬೊಬ್ಬರೇ ಹೋಗುವುದಕ್ಕಿಂತ ಊರಿನ ಐದಾರು ಮನೆಯವರು ರೈತ ಉತ್ಪಾದಕ ಕಂಪನಿಯ ಹೆಸರಿನಲ್ಲಿ ಕೂಡಿ ಹೋದರೆ ತಿಂಗಳ ಬಾಡಿಗೆ ಹಗುರವಾಗುತ್ತದೆ.

ಖಾತೆಯ ವಿಷಯದಲ್ಲಿ ಎಚ್ಚರ ಬೇಕು. ಅಂಗಡಿ ತೆರೆದುಕೊಡುವವನು ಸಾಮಾನ್ಯವಾಗಿ ಪುಣೆಯಲ್ಲಿ ಓದುವ ಅಳಿಯನೋ ಪಕ್ಕದ ಮನೆಯ ಹುಡುಗನೋ ಆಗಿರುತ್ತಾನೆ. ಅವನು ಸುಲಭವೆಂದು ತನ್ನದೇ ದೂರವಾಣಿ ಸಂಖ್ಯೆ, ತನ್ನದೇ ಮಿಂಚಂಚೆ ಕೊಟ್ಟುಬಿಡುತ್ತಾನೆ. ನಾಳೆ ಅವನು ಕೆಲಸಕ್ಕೆಂದು ದೂರ ಹೋದರೆ ಅಂಗಡಿಯ ಕೀಲಿಕೈಯೂ ಅವನೊಡನೆ ಹೋದಂತೆಯೇ. ಖಾತೆ ಮನೆಯ ಯಜಮಾನನ ಅಥವಾ ಯಜಮಾನಿಯ ಸಂಖ್ಯೆಯ ಮೇಲಿರಲಿ, ಗುಪ್ತಪದ ಕೀರ್ದಿ ಪುಸ್ತಕದಲ್ಲಿ ಇರಲಿ.

ಹೊಸ ಒಣದ್ರಾಕ್ಷಿ ಕೈಗೆ ಬರುವುದು ಮಾರ್ಚ್, ಏಪ್ರಿಲ್ ಸುಮಾರಿಗೆ. ಅದಕ್ಕೆ ಮೊದಲೇ ಹಳೆಯ ಮಾಲಿನ ಐದು ಪೊಟ್ಟಣ ಕಟ್ಟಿ, ಐದು ಊರುಗಳ ನೆಂಟರಿಗೆ ಅಂಚೆಯಲ್ಲಿ ಕಳಿಸಿ ನೋಡಿರಿ. ಎಷ್ಟು ದಿನಕ್ಕೆ ಮುಟ್ಟಿತು, ಬಿಸಿಲಿಗೆ ಅಂಟಿಕೊಂಡಿತೇ, ಬಣ್ಣ ಕಪ್ಪಿಟ್ಟಿತೇ, ಅಂಚೆಗೆ ಎಷ್ಟು ಬಿತ್ತು ಎಂಬುದನ್ನು ಬರೆದಿಡಿರಿ. ಬೆಲೆ ಕಟ್ಟಲು ಆ ಕಾಗದ ಸಾಕು.