ಕಬ್ಬಿನ ಬಿಲ್ಲು



ಆಂಗ್ಲ ಭಾಷೆಯ 'ಬಿಲ್' ಎಂಬ ನಾಲ್ಕಕ್ಷರದ ಪದವನ್ನು ಮೂವತ್ತಕ್ಕೂ ಹೆಚ್ಚು ವರ್ಷ ನಾನು ನಮ್ಮ ಭಾಗದ ಮಕ್ಕಳಿಗೆ ಕಲಿಸಿದ್ದೇನೆ. ಅದನ್ನು ಅಪೂರ್ಣವಾಗಿ ಕಲಿಸಿದೆನೆಂದು ಒಪ್ಪಿಕೊಳ್ಳಲು ಈ ಲೇಖನ. ಒಪ್ಪಿಕೊಂಡ ಮೇಲೆ, ಆ ಪದದ ಅರ್ಥವನ್ನು ಇಂದಿಗೂ ಕೆಡಿಸುತ್ತಿರುವವರೊಡನೆ ಒಂದು ಜಗಳವನ್ನೂ ತೆಗೆಯುವವನಿದ್ದೇನೆ. ನಿವೃತ್ತನಾದವನಿಗೆ ಜಗಳ ಕಾಯಲು ಸಮಯ ಬೇಕಾದಷ್ಟುಂಟು.

ಒಂದು ನುರಿಸುವ ಹಂಗಾಮಿನ ದಿನಗಳಲ್ಲಿ ಹತ್ತನೆಯ ತರಗತಿಗೆ ನಾನಾರ್ಥಪದಗಳ ಪಾಠ ಮಾಡುತ್ತಿದ್ದೆ. ಕರಿಹಲಗೆಯ ಮೇಲೆ 'ಬಿಲ್' ಎಂದು ಬರೆದು ಅರ್ಥ ಕೇಳಿದೆ. ಒಬ್ಬ ಖಾನಾವಳಿಯ ಬಿಲ್ಲೆಂದ. ಇನ್ನೊಬ್ಬಳು ಹಕ್ಕಿಯ ಕೊಕ್ಕೆಂದಳು. ಮುಂದಿನ ಬೆಂಚಿನ ಜಾಣನೊಬ್ಬ ವಿಧಾನಸಭೆಯ ಮಸೂದೆಯೆಂದ. ಕೊನೆಯ ಬೆಂಚಿನಿಂದ, ಕೃಷ್ಣಾ ದಂಡೆಯ ಹಳ್ಳಿಯ ಹುಡುಗನೊಬ್ಬ ಎದ್ದುನಿಂತು, "ಬಿಲ್ ಅಂದ್ರ ಕಾರ್ಖಾನಿಯಿಂದ ಬರೋ ರೊಕ್ಕರೀ ಸರ್. ಅದು ಬಂದಮ್ಯಾಲೆ ನಮ್ಮಪ್ಪ ಫೀ ಕೊಡ್ತಾನ್ರಿ" ಎಂದ. ತರಗತಿ ನಕ್ಕಿತು. ನಾನೂ ನಕ್ಕೆ. "ಬಿಲ್ ಅಂದರೆ ಕೊಡಬೇಕಾದ ಹಣದ ಚೀಟಿಯಪ್ಪಾ, ಬರುವ ಹಣ ಅಲ್ಲ, ಕೂಡು" ಎಂದೆ. ಅವನು ಕೂತ. ಆ ವರ್ಷ ಅವನ ಶುಲ್ಕ ತಡವಾಗಿಯೇ ಬಂತು.

ನಿಘಂಟು ನನ್ನ ಪಕ್ಷದಲ್ಲಿತ್ತು, ನಿಜ. ಅದನ್ನು ತೆರೆದರೆ 'ಬಿಲ್' ಎಂಬುದು ಒಂದೇ ವೇಷ ಧರಿಸಿದ ಮೂರು ಬೇರೆ ಬೇರೆ ಪದಗಳೆಂದು ತಿಳಿಯುತ್ತದೆ. ಕೊಕ್ಕು ಎಂಬ ಅರ್ಥದ್ದು ಹಳೆಯ ಇಂಗ್ಲಿಷಿನ 'ಬಿಲೆ' ಎಂಬುದರಿಂದ ಬಂದದ್ದು. ಎರಡನೆಯದು ಆಯುಧ. ಹಳೆಯ ಇಂಗ್ಲಿಷಿನಲ್ಲಿ 'ಬಿಲ್' ಎಂದರೆ ಖಡ್ಗ; ಮುಂದೆ ಬಾಗಿದ ಅಲಗಿನ ಕತ್ತಿಗೂ ಆ ಹೆಸರು ನಿಂತಿತು. ಕೆರಿಬಿಯನ್ ದ್ವೀಪಗಳಲ್ಲಿ ಕಬ್ಬು ಕಡಿಯುವ ಕತ್ತಿಗೆ 'ಕೇನ್ ಬಿಲ್' ಎಂದೇ ಹೆಸರು. ನಮ್ಮ ಗ್ಯಾಂಗಿನವರ ಕೈಯಲ್ಲಿರುವ ಕೊಯ್ತಾ ಇದ್ದಂತೆ.

ಮೂರನೆಯದು ಹಣದ ಬಿಲ್ಲು. ಅದರ ಮೂಲ ಲ್ಯಾಟಿನ್ ಭಾಷೆಯ 'ಬುಲ್ಲಾ'. ಬುಲ್ಲಾ ಎಂದರೆ ನೀರಿನ ಗುಳ್ಳೆ. ರೋಮನ್ ಬಾಲಕರು ರಕ್ಷೆಗೆಂದು ಕೊರಳಲ್ಲಿ ಕಟ್ಟಿಕೊಳ್ಳುತ್ತಿದ್ದ ದುಂಡನೆಯ ತಾಯಿತಕ್ಕೂ ಅದೇ ಹೆಸರು. ಮಧ್ಯಯುಗದಲ್ಲಿ ದಸ್ತಾವೇಜಿನ ದುಂಡು ಮುದ್ರೆಯನ್ನು ಬುಲ್ಲಾ ಎಂದರು. ಅನಂತರ ಮುದ್ರೆಯುಳ್ಳ ಪತ್ರವೇ ಬುಲ್ಲಾ ಆಯಿತು. ಪೋಪರ ಆಜ್ಞಾಪತ್ರಕ್ಕೆ 'ಬುಲ್' ಎಂಬ ಹೆಸರು ಅದರ ಸೀಸದ ಮುದ್ರೆಯಿಂದ ಬಂದದ್ದು. ಇಂಗ್ಲೆಂಡಿನ ಲ್ಯಾಟಿನ್ನಿನಲ್ಲಿ ಅದು 'ಬಿಲ್ಲಾ' ಆಗಿ, ಜನರ ಬಾಯಲ್ಲಿ 'ಬಿಲ್' ಆಯಿತು. ಶಾಸನಸಭೆಯ ಮಸೂದೆ, 1689ರ 'ಬಿಲ್ ಆಫ್ ರೈಟ್ಸ್', ಅಮೆರಿಕದವರ ನೋಟು, ಅಂಗಡಿಯ ಚೀಟಿ, ಎಲ್ಲವೂ ಈ ಮುದ್ರೆಯ ಮಕ್ಕಳು. ಕುದಿಯುವುದಕ್ಕೆ ಇಂಗ್ಲಿಷಿನವರು ಹೇಳುವ 'ಬಾಯಿಲ್' ಎಂಬುದೂ ಇದೇ ಗುಳ್ಳೆಯಿಂದ ಹುಟ್ಟಿದ್ದು. ಬಂದೂಕಿನ 'ಬುಲೆಟ್' ಕೂಡ ಇದೇ ಬಳ್ಳಿಯ ಕಾಯಿ. ಇದನ್ನು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ಇವುಗಳಾವುದರ ನಂಟೂ ಇಲ್ಲದ ನಮ್ಮದೇ 'ಬಿಲ್ಲು' ಒಂದುಂಟು. ತಮಿಳಿನ 'ವಿಲ್', ತೆಲುಗಿನ 'ವಿಲ್ಲು', ಕನ್ನಡದ 'ಬಿಲ್' ಒಂದೇ ದ್ರಾವಿಡ ಮೂಲದವು. ಪದದ ಮೊದಲಿನ ವಕಾರ ಕನ್ನಡದಲ್ಲಿ ಬಕಾರವಾಯಿತು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಬಿಲ್ಲು ಎಂದರೆ ಧನುಸ್ಸು. ಮನ್ಮಥನ ಬಿಲ್ಲು ಕಬ್ಬಿನದು. ಅದಕ್ಕೇ ಅವನು ಇಕ್ಷುಚಾಪ. ಹಳೆಯ ಕಾವ್ಯ ಓದಿದವನಿಗೆ 'ಕಬ್ಬಿನ ಬಿಲ್ಲು' ಎಂದರೆ ಮದನನ ಆಯುಧ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ರೈತನಿಗೆ 'ಕಬ್ಬಿನ ಬಿಲ್ಲು' ಎಂದರೆ ಸಂಕ್ರಾಂತಿಗೆ ಸಾಗಿಸಿದ ಕಬ್ಬಿಗೆ ಯುಗಾದಿಯಾದರೂ ಬಾರದ ಹಣ. ನಿದ್ದೆ ಕೆಡಿಸುವುದರಲ್ಲಿ ಎರಡೂ ಸಮ.

ಈಗ ಆ ಹುಡುಗನ ಮಾತಿಗೆ ಬರೋಣ. ಜಗತ್ತಿನಲ್ಲೆಲ್ಲ ಬಿಲ್ಲು ಬರೆಯುವವನು ಮಾರುವವನು. ಕಿರಾಣಿ ಅಂಗಡಿಯವನು ತೂಗುತ್ತಾನೆ, ದರ ಹೇಳುತ್ತಾನೆ, ಬಿಲ್ಲು ಬರೆಯುತ್ತಾನೆ, ಕೊಳ್ಳುವವನು ತೆರುತ್ತಾನೆ. ಗೊಬ್ಬರದ ಅಂಗಡಿಯಲ್ಲಿ ರೈತನಿಗೆ ಸಿಗುವುದು ಇಂಥ ಬಿಲ್ಲೇ. ಆದರೆ ಅದೇ ರೈತ ಕಬ್ಬನ್ನು ಮಾರಲು ಹೋದಾಗ ಎಲ್ಲವೂ ತಿರುಗುಮುರುಗಾಗುತ್ತದೆ. ಕೊಳ್ಳುವವನ ಕಾಟಾದ ಮೇಲೆ ಕೊಳ್ಳುವವನೇ ತೂಗುತ್ತಾನೆ. ಸಕ್ಕರೆಯ ಇಳುವರಿ ಎಷ್ಟೆಂದು ಅವನ ಪ್ರಯೋಗಾಲಯ ಹೇಳುತ್ತದೆ. ಕಟಾವು, ಸಾಗಾಣಿಕೆಯ ವೆಚ್ಚವನ್ನು ಅವನೇ ಕಳೆಯುತ್ತಾನೆ. ಬಿಲ್ಲನ್ನೂ ಅವನೇ ಬರೆಯುತ್ತಾನೆ. ಮಾರಿದವನು ಊರಿನಲ್ಲಿ ಕುಳಿತು, "ಬಿಲ್ ಬಂತೇನ್ರಿ?" ಎಂದು ಎದುರಿಗೆ ಬಂದವರನ್ನು ಕೇಳುತ್ತಾನೆ. ನಿಪ್ಪಾಣಿಯ ಮರಾಠಿ ಭಾಷಿಕ "ಬಿಲ್ ಆಲಂ ಕಾ?" ಎನ್ನುತ್ತಾನೆ. ಗಡಿಯ ಹೆಸರಿನಲ್ಲಿ ಎಷ್ಟೋ ಜಗಳ ಕಂಡ ಈ ನಾಡಿನಲ್ಲಿ ಎರಡು ಭಾಷೆಗಳೂ ಒಮ್ಮತದಿಂದ ಬಳಸುವ ಪದ ಇದೊಂದೇ ಇದ್ದೀತು.

ಹೀಗಾಗಿ ನಮ್ಮ ಸೀಮೆಯಲ್ಲಿ ಈ ಪದದ ಅರ್ಥವೇ ಬದಲಾಯಿತು. ಕೇಳುವ ಹಕ್ಕಿನ ಪತ್ರವಾಗಿದ್ದ ಬಿಲ್ಲು ಕಾಯುವ ಹಣವಾಯಿತು. ಅದರ ಜೊತೆಗೆ ಬರುವ ಕ್ರಿಯಾಪದವನ್ನೂ ಗಮನಿಸಿರಿ. "ಕಾರ್ಖಾನಿಯವರು ಬಿಲ್ ಬಿಟ್ಟಾರಂತ" ಎನ್ನುತ್ತೇವೆ. ಪತ್ರಿಕೆಗಳಲ್ಲಿ "ಕಬ್ಬಿನ ಬಿಲ್ ಬಿಡುಗಡೆ" ಎಂದು ಬರುತ್ತದೆ. ಬಿಡುಗಡೆಯಾಗುವುದು ಸೆರೆಯಲ್ಲಿದ್ದದ್ದು. ಅಂಗಡಿಯವನಿಗೆ ನಾವು ಹಣ 'ಬಿಡುಗಡೆ' ಮಾಡುವುದಿಲ್ಲ, ಕೊಡುತ್ತೇವೆ. ರೈತನ ಹಣಕ್ಕೆ ಮಾತ್ರ ಈ ಭಾಷೆ ಏಕೆ? ಕೊಡುವವನ ಕೃಪೆಯಿಂದ ಅದು ಬರುತ್ತದೆಂಬ ಭಾವನೆ ನಮ್ಮ ವ್ಯಾಕರಣದೊಳಗೇ ಸೇರಿಕೊಂಡಿದೆ.

ಕೃಪೆಯ ಮಾತು ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಕೇಂದ್ರ ಸರಕಾರದ 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಬೆಲೆ ಕೊಡಬೇಕು. ತಡವಾದರೆ ತಡವಾದ ಅವಧಿಗೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಕೊಡಬೇಕು. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಅವಕಾಶವಿದೆ. 2009ರಿಂದ ನ್ಯಾಯಸಮ್ಮತ ಹಾಗೂ ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ, ಜಾರಿಯಲ್ಲಿದೆ; 2025-26ರ ಹಂಗಾಮಿಗೆ ಶೇಕಡಾ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ ಗೊತ್ತಾಯಿತು. ನಮ್ಮ ರಾಜ್ಯವೂ ಕಬ್ಬು ಖರೀದಿ ಮತ್ತು ಪೂರೈಕೆ ನಿಯಂತ್ರಣ ಕಾಯ್ದೆಯನ್ನು 2013ರಲ್ಲಿ ಮಾಡಿತು. ವಿಧಾನಮಂಡಲದ ಬಿಲ್ಲು ಕಾಯ್ದೆಯಾಯಿತು. ರೈತನ ಬಿಲ್ಲು ಬಿಲ್ಲಾಗಿಯೇ ಉಳಿಯಿತು.

ಲೆಕ್ಕ ಮಾಡಿ ನೋಡಿರಿ. ಒಬ್ಬ ರೈತನಿಗೆ ಒಂದೂವರೆ ಲಕ್ಷ ರೂಪಾಯಿ ಬರಬೇಕಾಗಿದೆ ಎನ್ನೋಣ. ವರ್ಷಕ್ಕೆ ಬಡ್ಡಿ 22,500 ರೂಪಾಯಿ. ಮೂರು ತಿಂಗಳು ತಡವಾದರೆ 5,625 ರೂಪಾಯಿ. ಒಬ್ಬ ಹುಡುಗನ ವರ್ಷದ ಪುಸ್ತಕ, ಬಟ್ಟೆ, ಶುಲ್ಕಗಳಿಗೆ ಆ ಹಣ ಆಗುತ್ತದೆ. ನಾನು ಮೂವತ್ತು ವರ್ಷ ಎಷ್ಟೋ ಮನೆಗಳ ಕಬ್ಬಿನ ಬಿಲ್ಲಿನ ಕಾಗದಗಳನ್ನು ಕಂಡಿದ್ದೇನೆ. ಮುಂಗಡ, ಸಂಘದ ಸಾಲ, ಕಟಾವು, ಸಾಗಾಣಿಕೆ ಎಂದು ಕಳೆಯುವ ಸಾಲುಗಳು ಒಂದಾದ ಮೇಲೊಂದು ಇದ್ದವು. ಕೂಡಿಸುವ ಬಡ್ಡಿಯ ಸಾಲನ್ನು ಒಂದರಲ್ಲಿಯೂ ಕಾಣಲಿಲ್ಲ.

ಇದಕ್ಕೆ ಉತ್ತರ ಕೊಡುವವರಿದ್ದಾರೆ. ಕಬ್ಬು ಕೊಳ್ಳುವುದು ನಾಲ್ಕೈದು ತಿಂಗಳಲ್ಲಿ, ಸಕ್ಕರೆ ಮಾರುವುದು ವರ್ಷವಿಡೀ, ಹಣ ಎಲ್ಲಿಂದ ತರುವುದು ಎನ್ನುತ್ತಾರೆ. ಸಕ್ಕರೆಯನ್ನು ಬೇಕೆಂದಾಗ ಬೇಕಾದಷ್ಟು ಮಾರಲು ಬಿಡುವುದಿಲ್ಲ ಎನ್ನುತ್ತಾರೆ. ಈ ತೊಂದರೆ ಸುಳ್ಳಲ್ಲ. 2018ರಲ್ಲಿ ಕೇಂದ್ರ ಸರಕಾರ ಸಕ್ಕರೆಗೆ ಕಿಲೋಗೆ 29 ರೂಪಾಯಿಯ ಕನಿಷ್ಠ ಮಾರಾಟ ಬೆಲೆಯನ್ನು ನಿಗದಿಮಾಡಿ, 2019ರಲ್ಲಿ 31ಕ್ಕೆ ಏರಿಸಿದ್ದು ಇದಕ್ಕಾಗಿಯೇ. ಸಮಯಕ್ಕೆ ಸರಿಯಾಗಿ ಹಣ ಕೊಡುವ ಕಾರ್ಖಾನೆಗಳೂ ಇವೆಯೆಂಬುದನ್ನು ಅಲ್ಲಗಳೆಯಲಾರೆ. ಆದರೆ ನನ್ನ ಪ್ರಶ್ನೆ ಇಷ್ಟೇ: ಕಾರ್ಖಾನೆಗೆ ಹಣದ ಅಡಚಣೆಯಾದರೆ ಅದು ಬ್ಯಾಂಕಿನಿಂದ ಬಡ್ಡಿಗೆ ಸಾಲ ತರಬೇಕು. ರೈತನ ಹಣವನ್ನೇ ಮೂರು ತಿಂಗಳು ಇಟ್ಟುಕೊಂಡರೆ ಅದೂ ಸಾಲವೇ. ಈ ಸಾಲ ಮಾತ್ರ ಬಡ್ಡಿಯಿಲ್ಲದ್ದು, ಸಾಲ ಕೊಟ್ಟವನನ್ನು ಕೇಳದೆ ತೆಗೆದುಕೊಂಡದ್ದು. ಆ ರೈತನಾದರೋ ಅದೇ ಮೂರು ತಿಂಗಳಲ್ಲಿ ಮಗಳ ಮದುವೆಗೆ ಕೈಗಡ ತಂದು ಬಡ್ಡಿ ತೆರುತ್ತಿರುತ್ತಾನೆ. ಬಡವನಿಂದ ಬಡ್ಡಿಯಿಲ್ಲದ ಸಾಲ ತೆಗೆದು ನಡೆಸುವ ಉದ್ಯಮಕ್ಕೆ ಯಾವ ಅರ್ಥಶಾಸ್ತ್ರದಲ್ಲಿ ಸಮರ್ಥನೆಯಿದೆ?

ಇನ್ನು ಕೆಲವು ಕನ್ನಡಾಭಿಮಾನಿ ಮಿತ್ರರಿದ್ದಾರೆ. 'ಬಿಲ್' ಎಂಬ ಪರಕೀಯ ಪದವನ್ನು ಬಿಟ್ಟು 'ಹಣಪಾವತಿ' ಎನ್ನಬೇಕೆಂಬುದು ಅವರ ವಾದ. ಕನ್ನಡ ಶಾಲೆಯಲ್ಲಿಯೇ ಕಲಿತು ಬಂದ ನಾನು ಅವರಿಗೆ ಕೈ ಮುಗಿಯುತ್ತೇನೆ; ಈ ವಾದವನ್ನು ಮಾತ್ರ ಒಪ್ಪಲಾರೆ. 'ಪಾವತಿ' ಎಂದರೆ ಹಣ ಬೇಗ ಬಂದೀತೇ? ರೈತ ತನ್ನ ಅನುಭವದಿಂದ ಬಿಲ್ಲಿಗೆ ಕೊಟ್ಟ ಅರ್ಥ ಅಚ್ಚಕನ್ನಡದ್ದೇ. ಅಳಿಸಬೇಕಾದದ್ದು ಪದವಲ್ಲ, ಆ ಅರ್ಥ ಹುಟ್ಟುವಂತೆ ಮಾಡಿದ ಅನ್ಯಾಯ.

ಆ ಅನ್ಯಾಯದ ಬೆಲೆಯನ್ನು ನಮ್ಮ ಸೀಮೆ ಬಲ್ಲದು. 1981ರಲ್ಲಿ ನಿಪ್ಪಾಣಿಯಲ್ಲಿ ತಂಬಾಕು ಬೆಳೆಗಾರರು ಶರದ್ ಜೋಶಿಯವರ ನೇತೃತ್ವದಲ್ಲಿ ನ್ಯಾಯವಾದ ಬೆಲೆ ಕೇಳಿ ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್ ತಿಂಗಳಲ್ಲಿ ಗೋಲಿಬಾರಾಗಿ ಹತ್ತಕ್ಕೂ ಹೆಚ್ಚು ರೈತರು ಪ್ರಾಣ ಬಿಟ್ಟರು. ಬಿಲ್ಲು ಕೇಳಿದವರಿಗೆ ಅದೇ ಬಳ್ಳಿಯ ಇನ್ನೊಂದು ಕಾಯಿ ಸಿಕ್ಕಿತು. 2013ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಬಳಿ ಕಬ್ಬಿನ ಬೆಲೆಗಾಗಿ ನಡೆದ ಧರಣಿಯಲ್ಲಿ ರಾಯಬಾಗ ತಾಲ್ಲೂಕಿನ ರೈತರೊಬ್ಬರು ವಿಷ ಸೇವಿಸಿ ಅಸುನೀಗಿದರು. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ದಿನಗಟ್ಟಲೆ ಕುಳಿತ ಮೇಲೆ ಸರಕಾರ 3,300 ರೂಪಾಯಿ ಘೋಷಿಸಿತು. ಆ ದಿನಗಳಲ್ಲಿ ದರದ ಅಂಕಿ ಎಲ್ಲರ ಬಾಯಲ್ಲಿತ್ತು. 14 ದಿನದ ಮಾತು ಅಷ್ಟಾಗಿ ಕೇಳಿಬರಲಿಲ್ಲ. ದರ ಎಷ್ಟಾದರೂ ಇರಲಿ, ಯಾವ ದಿನ ಕೊಡುತ್ತಾರೆಂಬುದು ಗೊತ್ತಿಲ್ಲದ ಹಣ ಗುಳ್ಳೆಯೇ ಸರಿ. ಲ್ಯಾಟಿನ್ ಭಾಷೆಯವರು ಬುದ್ಧಿವಂತರು.

ಈಗ ನಿಮ್ಮ ಕಡೆಗೆ ತಿರುಗುತ್ತೇನೆ. ನನ್ನ ಶಿಷ್ಯರಲ್ಲಿ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿರುವವರು ಇದ್ದೀರಿ, ಕಾಟಾದ ಮೇಲೆ ಕೂಡುವವರು ಇದ್ದೀರಿ. ಬ್ಯಾಂಕಿನವರು, ವಕೀಲರು, ಕಂದಾಯ ಇಲಾಖೆಯವರು ಇದ್ದೀರಿ. ಪುಣೆ, ಬೆಂಗಳೂರು, ಸಮುದ್ರದಾಚೆ ಇರುವವರ ಮನೆಯಲ್ಲಿಯೂ ಕಬ್ಬಿನ ಹೊಲಗಳಿವೆ. ಲೆಕ್ಕ ಬರೆಯುವವರೇ, ಬಿಲ್ಲಿನಲ್ಲಿ ಕಬ್ಬು ಬಂದ ದಿನಾಂಕ, ಹಣ ಕೊಟ್ಟ ದಿನಾಂಕ ಎರಡನ್ನೂ ಬರೆಯಿರಿ. ಬಡ್ಡಿಗೆ ಒಂದು ಸಾಲಿಡಿರಿ. ಶೂನ್ಯವಾದರೂ ಅಲ್ಲಿ ಕಾಣಲಿ, ಅದನ್ನು ಕಂಡು ರೈತ ಪ್ರಶ್ನೆ ಕೇಳಲಿ. ಊರು ಬಿಟ್ಟವರೇ, ನಿಮ್ಮ ತಂದೆ ಸಹಿ ಮಾಡುವ ಕರಾರನ್ನು ಮೊದಲು ಓದಿ ಹೇಳಿರಿ. ಬೇರೆ ಲಿಖಿತ ಒಪ್ಪಂದವಿದ್ದರೆ 14 ದಿನದ ನಿಯಮ ಅನ್ವಯಿಸದೆ ಹೋಗಬಹುದೆಂದು ಅದೇ ಆದೇಶದಲ್ಲಿದೆ. ಮಾಸ್ತರರಾಗಿರುವವರೇ, ಬಡ್ಡಿಯ ಲೆಕ್ಕ ಕಲಿಸುವಾಗ ಪುಸ್ತಕದ ರಾಮ, ಸೋಮರನ್ನು ಬಿಟ್ಟು ಮಕ್ಕಳ ಮನೆಯ ಕಬ್ಬಿನ ಬಿಲ್ಲನ್ನೇ ಕರಿಹಲಗೆಗೆ ತನ್ನಿರಿ. ನಾನು ಅದನ್ನು ಮಾಡಲಿಲ್ಲ. ಮಾಡಬೇಕಾಗಿತ್ತು.

ಕೊನೆಯ ಬೆಂಚಿನ ಆ ಹುಡುಗ ಈಗ ಮಕ್ಕಳೊಂದಿಗನಾಗಿರಬೇಕು. ಇದನ್ನು ಓದುತ್ತಿದ್ದರೆ ಅವನಿಗೊಂದು ಮಾತು. ಅಪ್ಪಾ, ಆ ದಿನ ನಾನು ನಕ್ಕದ್ದು ತಪ್ಪು. ನೀನು ಹೇಳಿದ ಅರ್ಥ ನನ್ನ ನಿಘಂಟಿನಲ್ಲಿ ಇರಲಿಲ್ಲ, ನಿನ್ನ ಮನೆಯಲ್ಲಿತ್ತು. ಉತ್ತರ ಸರಿ. ಪೂರ್ಣ ಅಂಕ. ತಡವಾಗಿ ಕೊಡುತ್ತಿದ್ದೇನೆ, ಬಡ್ಡಿಸಮೇತ ಕೇಳುವ ಹಕ್ಕು ನಿನಗುಂಟು.

ಇಂತು,
ನಿಮ್ಮ ಹಳೆಯ ಮಾಸ್ತರ