ಪರಿಹಾರದ ಪಟ್ಟಿಯೂ ಮೊಬೈಲಿಗೆ ಬರಲಿ

ಧಾರವಾಡದಿಂದ ಬೆಳಗಾವಿಯ ಹೆದ್ದಾರಿ ಹಿಡಿದರೆ ಬೇಲೂರು ಕೈಗಾರಿಕಾ ಪ್ರದೇಶ ಸಿಗುತ್ತದೆ. ಈಗ ಕಾರ್ಖಾನೆಗಳಿರುವ ಈ ನೆಲ ಹಿಂದೆ ರೈತರ ಹೊಲ.

ಒಂದು ಕಾಲಕ್ಕೆ ಇಂಥ ಹೊಲದ ಉತಾರ, ಅಂದರೆ ಪಹಣಿ, ಬೇಕೆಂದರೆ ಗ್ರಾಮ ಲೆಕ್ಕಿಗರಾದ ತಲಾಟಿಯನ್ನು ಹುಡುಕಿ ಅಲೆಯಬೇಕಿತ್ತು. ಬರೆದವರೂ ಅವರೇ, ಇಟ್ಟುಕೊಂಡವರೂ ಅವರೇ. ಯಾವತ್ತು ಕೊಡಬೇಕೆಂಬುದೂ ಅವರ ಮರ್ಜಿ. ರಾಜ್ಯ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಕೊಡತೊಡಗಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವು ಎಂದವರು ನೂರಕ್ಕೆ 66 ಮಂದಿ. ಭೂಮಿ ಕೇಂದ್ರಗಳಲ್ಲಿ ಕೇವಲ 3. ಈಗ ಅದೇ ಉತಾರವನ್ನು ಬದುವಿನ ಮೇಲೆ ಕುಳಿತೇ ಮೊಬೈಲಿನಲ್ಲಿ ನೋಡಬಹುದು.

ಸಣ್ಣ ಸಾಧನೆಯಲ್ಲ ಇದು. ಆದರೆ ನಮ್ಮ ಕಾಗದ ನಮಗೆ ಸಲೀಸಾಗಿ ಸಿಕ್ಕ ಮಾತ್ರಕ್ಕೆ ಆಡಳಿತ ಸುಧಾರಿಸಿತು ಎನ್ನಲು ಮನಸ್ಸು ಒಪ್ಪುವುದಿಲ್ಲ. ಕೈಗಾರಿಕೆಗೆಂದು ತೆಗೆದುಕೊಂಡು ಒಮ್ಮೆ ಪರಿಹಾರ ಕೊಟ್ಟು ಮುಗಿದಿದ್ದ ಜಮೀನುಗಳಿಗೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಧಾರವಾಡ ಕಚೇರಿಯಿಂದ ಮತ್ತೊಮ್ಮೆ ಹಣ ಹೋಗಿದೆ ಎಂಬ ಆರೋಪ ಎದ್ದು, ಪ್ರಕರಣ ಸಿಐಡಿ ತನಿಖೆಗೆ ಹೋಯಿತು. ಕೋಟಿಗಟ್ಟಲೆ ರೂಪಾಯಿಯ ಮಾತು. ಅದೂ ಕೈಬರಹದ ಕಾಲದ್ದಲ್ಲ, ಎಲ್ಲರ ಜೇಬಿಗೂ ಇಂಟರ್ನೆಟ್ ಬಂದ ಮೇಲಿನದು.

ಯಾರ ಹೊಲ ಯಾವಾಗ ಹೋಯಿತು, ಯಾರಿಗೆ ದುಡ್ಡು ಬಂತು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಹಣ ಬಿಡುಗಡೆಯ ಪಟ್ಟಿ ಸರ್ವೇ ನಂಬರಿನೊಂದಿಗೆ ಜಾಲತಾಣದಲ್ಲಿ ಕಾಣುವಂತಿದ್ದರೆ, ಎರಡನೇ ಸಲದ ಪಾವತಿಯನ್ನು ಯಾವ ಲೆಕ್ಕಪರಿಶೋಧಕರಿಗಿಂತಲೂ ಮೊದಲು ಪಕ್ಕದ ಹೊಲದವನೇ ಹಿಡಿಯುತ್ತಾನೆ. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊತ್ತ ಹೆಣ್ಣುಮಗಳು ಎಷ್ಟು ದಿನ ದುಡಿದಳು, ಎಷ್ಟು ಕೂಲಿ ಪಡೆದಳು ಎಂಬುದನ್ನು ಸರ್ಕಾರ ಜಗತ್ತಿಗೇ ತೋರಿಸಿದೆ. ಬಡವರ ಕೂಲಿ ಅಷ್ಟು ಬಯಲಲ್ಲಿರುವಾಗ ಕೋಟಿಗಳ ಪರಿಹಾರಕ್ಕೆ ಮರೆ ಏಕೆ ಬೇಕು?

ಇದಕ್ಕೆ ಹೊಸ ಕಾನೂನೂ ಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು, ಯಾರೂ ಅರ್ಜಿ ಹಾಕುವ ಮೊದಲೇ ಮಾಹಿತಿಯನ್ನು ಇಂಟರ್ನೆಟ್ಟೂ ಸೇರಿದಂತೆ ನಾನಾ ಮಾರ್ಗಗಳಲ್ಲಿ ಪ್ರಕಟಿಸಿ ಎಂದು ಹೇಳುತ್ತದೆ. ಬ್ಯಾಂಕ್ ಖಾತೆಯ ಸಂಖ್ಯೆ ಯಾರಿಗೂ ಬೇಡ. ಊರು, ಸರ್ವೇ ನಂಬರ್, ಮೊತ್ತ, ಆದೇಶದ ದಿನಾಂಕ, ಇಷ್ಟು ಕನ್ನಡದಲ್ಲಿ ಸಾಕು. ಬೇಲೂರು ಮತ್ತು ಅದರ ಸುತ್ತಲಿನ ಮುಮ್ಮಿಗಟ್ಟಿ, ಕೋಟೂರಿನಿಂದಲೇ ಕೆಐಎಡಿಬಿ ಈ ಕೆಲಸ ಆರಂಭಿಸಲಿ. ಅಲ್ಲಿಯ ಗ್ರಾಮಸಭೆಗಳೂ ಠರಾವು ಮಾಡಿ ಕೇಳಲಿ.