ಹಳಿ ಮುಳುಗಿದ ಬೆಳಗು

ನಮ್ಮ ಸಂಘದ ಎಷ್ಟೋ ಮನೆತನಗಳಿಗೆ ಕೊಲ್ಲಾಪುರದ ಮಹಾಲಕ್ಷ್ಮಿಯೇ ಕುಲದೇವತೆ. ಮದುವೆಯಾಗಲಿ, ಜವಳವಾಗಲಿ, ಮುಂಬಯಿಯಲ್ಲಿ ರಾತ್ರಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ತಾಯಿಯ ದರ್ಶನ. ೨೦೧೯ರ ಜುಲೈ ೨೬ರ ರಾತ್ರಿ ಹೊರಟವರಿಗೆ ಮಾತ್ರ ಬೆಳಗಾದದ್ದು ಬದಲಾಪುರ-ವಾಂಗಣಿಗಳ ನಡುವೆ. ಉಲ್ಹಾಸ ನದಿ ಉಕ್ಕಿ ಹಳಿಯನ್ನೇ ನುಂಗಿತ್ತು. ಗಾಡಿಯಲ್ಲಿ ಸುಮಾರು ೧೦೫೦ ಜನ. ಗರ್ಭಿಣಿಯರೇ ೯ ಮಂದಿ.

"ದೇವಿಯ ಹೆಸರಿನ ಗಾಡಿಗೇ ಹೀಗಾಗಬೇಕೆ?" ಎಂದು ಕೇಳುವವರುಂಟು. ವಾಚಕರೇ, ನನಗೆ ಆ ಪ್ರಶ್ನೆ ರುಚಿಸದು. ಸುತ್ತಲಿನ ಹಳ್ಳಿಗರು ಅದೇ ಮಳೆಯಲ್ಲಿ ನೆರವಿಗೆ ಬಂದರು; ರಾಷ್ಟ್ರೀಯ ವಿಪತ್ತು ಪಡೆಯವರು ರಬ್ಬರು ದೋಣಿ ತಂದರು; ನೌಕಾಪಡೆಯ ಈಜುಗಾರರೂ ಬಂದರು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಕೂಸುಕಂದಮ್ಮಗಳ ಸಹಿತ ಎಲ್ಲರೂ ದಡ ಸೇರಿದರು. ಇದರಲ್ಲಿ ದೇವಿಯ ಪಾಲೆಷ್ಟು, ದೋಣಿಯವರ ಪಾಲೆಷ್ಟು ಎಂದು ಕಡತ ತೆರೆಯುವ ಆಸೆ ಗುಮಾಸ್ತನಾದ ನನಗೂ ಇಲ್ಲ. ಉಡಿ ತುಂಬಲು ಹೋದವರು ಆ ಹಳ್ಳಿಗರ ಹೆಸರಿನಲ್ಲಿಯೂ ಒಂದು ಕಾಯಿ ಒಡೆಸಿದರೆ ತಾಯಿ ಬೇಡವೆಂದಾಳೆಯೆ?

ಆಮೇಲೆ ಕಲ್ಯಾಣದಿಂದ ವಿಶೇಷ ಗಾಡಿಯೊಂದು ಮನಮಾಡದ ಸುತ್ತುದಾರಿ ಹಿಡಿದು ಕೊಲ್ಲಾಪುರಕ್ಕೆ ಹೊರಟಿತು. ಅಷ್ಟೆಲ್ಲ ಆದರೂ ಮನೆಗೆ ಮರಳದೆ ಅದನ್ನು ಹತ್ತಿದವರಿದ್ದರು.